ನಾಯಿಕೆಮ್ಮಿನ ರೋಗಾಣು ವೇಷ ಬದಲಿಸಿದ ಕಥೆ

ನಾಯಿಕೆಮ್ಮು ಅಂದರೆ ನಮ್ಮ ಹಿರಿಯರಿಗೆ ಇಂದಿಗೂ ಭಯ. ಕೆಮ್ಮು ವಾರಗಟ್ಟಲೆ ಬಿಡುವುದಿಲ್ಲ. ಎಳೆ ಕೂಸಿಗೆ ಉಸಿರೇ ಕಟ್ಟಬಹುದು. ಲಸಿಕೆ ಬಂದು ಇಷ್ಟು ವರ್ಷವಾದರೂ ಈ ರೋಗ ಯಾಕೆ ಪೂರ್ತಿ ಹೋಗಿಲ್ಲ? ರೋಗಾಣುವಿನ ಚರಿತ್ರೆ ನೋಡಿದರೆ ಸ್ವಲ್ಪ ತಿಳಿಯುತ್ತದೆ.

1906ರಲ್ಲಿ ಬೆಲ್ಜಿಯಂನ ಜೂಲ್ ಬೋರ್ಡೆ ಮತ್ತು ಆಕ್ಟೇವ್ ಜೆಂಗೂ ಈ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದರು. 1930ರ ದಶಕದಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನಲ್ಲಿ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್ ಎಂಬ ಇಬ್ಬರು ಮಹಿಳೆಯರು ದಿನದ ಕೆಲಸ ಮುಗಿಸಿ, ಸಂಜೆ ಬಡವರ ಮನೆಗಳಿಗೆ ಹೋಗುತ್ತಿದ್ದರು. ಸೀಮೆಎಣ್ಣೆ ದೀಪದ ಬೆಳಕಿನಲ್ಲಿ, ಕೆಮ್ಮುವ ಮಕ್ಕಳ ಬಾಯಿ ಮುಂದೆ ತಟ್ಟೆ ಹಿಡಿದು ರೋಗಾಣು ಸಂಗ್ರಹಿಸಿದರು. ಅದನ್ನು ಕೊಂದು, ಇಡಿಯಾಗಿ ಬಳಸಿ ಒಳ್ಳೆಯ ಲಸಿಕೆ ಮಾಡಿದರು.

ನೆದರ್‌ಲ್ಯಾಂಡ್ಸ್ ದೇಶದಲ್ಲಿ 1950ರ ದಶಕದಿಂದ ಲಸಿಕೆ ಕೊಟ್ಟರು. ರೋಗ ಇಳಿಯಿತು. ಆದರೆ 1996ರಲ್ಲಿ, ಬಹುಪಾಲು ಮಕ್ಕಳಿಗೆ ಲಸಿಕೆ ಆಗಿದ್ದರೂ, ಮತ್ತೆ ಏರಿತು. ಅಲ್ಲಿ 1949ರಿಂದಲೂ ರೋಗಿಗಳಿಂದ ತೆಗೆದ ರೋಗಾಣುಗಳನ್ನು ಕಾಪಾಡಿ ಇಟ್ಟಿದ್ದರು. ಫ್ರಿಟ್ಸ್ ಮೋಯ್ ಅವರ ತಂಡ ಹಳೆಯದನ್ನೂ ಹೊಸದನ್ನೂ ಹೋಲಿಸಿತು. ಲಸಿಕೆಯಲ್ಲಿದ್ದ ರೋಗಾಣುವಿಗೂ ಊರಲ್ಲಿ ಓಡಾಡುವ ರೋಗಾಣುವಿಗೂ ಎರಡು ಮುಖ್ಯ ಪ್ರೋಟೀನ್‌ಗಳಲ್ಲಿ ವ್ಯತ್ಯಾಸ ಬಂದಿತ್ತು.

2014ರಲ್ಲಿ ಇನ್ನೂ ದೊಡ್ಡ ಅಧ್ಯಯನ ಬಂತು. 19 ದೇಶಗಳಲ್ಲಿ 1920ರಿಂದ 2010ರವರೆಗೆ ಸಿಕ್ಕ 343 ಮಾದರಿಗಳ ವಂಶವಾಹಿಗಳನ್ನು ಓದಿದರು. ಇವೆಲ್ಲ ಹತ್ತಿರದ ನೆಂಟರೇ, ವ್ಯತ್ಯಾಸ ಸಣ್ಣದು. ಆದರೆ ಒಂದು ಕಡೆ ಹುಟ್ಟಿದ ಬದಲಾವಣೆ ಬೇಗನೆ ದೇಶದಿಂದ ದೇಶಕ್ಕೆ ಹಬ್ಬಿತ್ತು.

ಇದು ನಮ್ಮ ಹೊಲದ ಕಥೆಯಂತೆಯೇ. ಒಂದೇ ಔಷಧಿ ಹೊಡೆಯುತ್ತ ಹೋದರೆ ಅದಕ್ಕೆ ಜಗ್ಗದ ಹುಳುಗಳೇ ಉಳಿದು ಮರಿ ಮಾಡುತ್ತವೆ. ರೋಗಾಣುವಿನ ಕೆಲವೇ ಪ್ರೋಟೀನ್‌ಗಳಿಂದ ಮಾಡಿದ ಹೊಸ ಬಗೆಯ ಲಸಿಕೆ ಬಳಸುವ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ, ಆ ಪ್ರೋಟೀನ್‌ಗಳಲ್ಲಿ ಒಂದಾದ ‘ಪರ್ಟ್ಯಾಕ್ಟಿನ್’ ಇಲ್ಲದ ರೋಗಾಣುಗಳೇ ಈಗ ಹೆಚ್ಚು.

ಹಾಗಂತ ಲಸಿಕೆ ವ್ಯರ್ಥವಲ್ಲ. ವೇಷ ಬದಲಿಸಿದ ರೋಗಾಣುವಿನಿಂದಲೂ ಅದು ಮಕ್ಕಳನ್ನು ಕಾಯುತ್ತದೆ. ಆದರೆ ವರ್ಷ ಕಳೆದಂತೆ ಅದರ ಬಲ ಕುಗ್ಗುತ್ತದೆ. ರೋಗ ಮರಳಲು ಇದೂ ದೊಡ್ಡ ಕಾರಣ. ನಮ್ಮ ಸರ್ಕಾರಿ ಲಸಿಕೆಯಲ್ಲಿ ಇಂದಿಗೂ ಇಡೀ ರೋಗಾಣುವನ್ನೇ ಕೊಂದು ಬಳಸುತ್ತಾರೆ. 6, 10, 14ನೇ ವಾರದಲ್ಲಿ ಮೂರು ಡೋಸ್, ಆಮೇಲೆ ಒಂದೂವರೆ ವರ್ಷದ ಹೊತ್ತಿಗೆ ಮತ್ತು 5-6 ವರ್ಷಕ್ಕೆ ಬೂಸ್ಟರ್. ಮೊದಲ ಮೂರು ಹಾಕಿಸಿ ಬೂಸ್ಟರ್ ಮರೆಯುವವರು ನಮ್ಮಲ್ಲಿದ್ದಾರೆ. ಮನೆಯಲ್ಲಿರುವ ತಾಯಿ ಕಾರ್ಡ್ ಇವತ್ತೇ ತೆಗೆದು ನೋಡಿ. ಬಾಕಿ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.