ಯುದ್ಧ ಶುರುವಾದದ್ದು ಯಾವಾಗ? ವಿಯೆಟ್ನಾಂ ಯೋಧರ ನೆನಪು ಮತ್ತು ಸರ್ಕಾರದ ದಿನಾಂಕ

ವಿಯೆಟ್ನಾಂನಲ್ಲಿ ಹೋರಾಡಿ ಬಂದ ಅಮೆರಿಕದ ಮಾಜಿ ಸೈನಿಕರ ಸಂದರ್ಶನಗಳಲ್ಲಿ ಆ ದೇಶದ ಹೆಸರು ಮೊದಲು ಕಿವಿಗೆ ಬಿದ್ದದ್ದು ಯಾವಾಗ ಎಂಬ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಮಾತಿಗೆ ಎಳೆಯಲು ಕೇಳುವ ಹಗುರ ಪ್ರಶ್ನೆಯೆಂದು ಅದನ್ನು ದಾಟಿಹೋಗುವವರೇ ಹೆಚ್ಚು. ಆದರೆ ಆ ಯುದ್ಧದ ಆರಂಭವನ್ನು ಗುರುತಿಸುವಲ್ಲಿ ಈ ಉತ್ತರಗಳು ಸರ್ಕಾರಿ ದಾಖಲೆಯಷ್ಟೇ ಮುಖ್ಯವೆಂಬುದು ಪ್ರಸ್ತುತ ಲೇಖನದ ವಾದ.

ಸರ್ಕಾರದ ಲೆಕ್ಕವೇ ಒಂದಲ್ಲ. ಅಮೆರಿಕದ ಕಾಂಗ್ರೆಸ್ ಈ ಯುದ್ಧವನ್ನು ವಿಧ್ಯುಕ್ತವಾಗಿ ಘೋಷಿಸಲೇ ಇಲ್ಲ. ಅಲ್ಲಿ ಸೇನಾಬಲ ಬಳಸಲು ಅಧ್ಯಕ್ಷರಿಗೆ ಅಧಿಕಾರ ಕೊಟ್ಟ ಟಾಂಕಿನ್ ಕೊಲ್ಲಿಯ ನಿರ್ಣಯ ಅಂಗೀಕಾರವಾದದ್ದು 1964ರ ಆಗಸ್ಟ್ 7ರಂದು. ಅಮೆರಿಕದ ನೌಕಾ ಪದಾತಿ ದಳ ವಿಯೆಟ್ನಾಂನ ಡನಾಂಗ್ ತೀರದಲ್ಲಿ ಇಳಿದದ್ದು 1965ರ ಮಾರ್ಚ್ 8ರಂದು. ಮಡಿದವರ ಹೆಸರುಗಳಿರುವ ವಾಷಿಂಗ್ಟನ್ನಿನ ಸ್ಮಾರಕ ಗೋಡೆ 1982ರಲ್ಲಿ ಸಿದ್ಧವಾದಾಗ ಅದರ ಮೇಲೆ ಕೆತ್ತಿದ ಮೊದಲ ವರ್ಷ 1959. ಬಳಿಕ ರಕ್ಷಣಾ ಇಲಾಖೆ ಆರಂಭದ ದಿನವನ್ನು 1955ರ ನವೆಂಬರ್ 1ಕ್ಕೆ ಹಿಂದೂಡಿತು. 1956ರಲ್ಲಿ ಸತ್ತ ವಾಯುಪಡೆಯ ಸಾರ್ಜೆಂಟ್ ಒಬ್ಬರ ಹೆಸರು ಗೋಡೆಗೆ ಸೇರಿದ್ದು 1999ರಲ್ಲಿ.

ಈ ಯೋಧರ ತಂದೆಯರ ಪೀಳಿಗೆಗೆ ಇಂಥ ಗೊಂದಲ ಇರಲಿಲ್ಲ. ಅವರಿಗೆ ತಮ್ಮ ಯುದ್ಧ, ಎರಡನೆಯ ಮಹಾಯುದ್ಧ, ತಿಳಿದದ್ದು 1941ರ ಡಿಸೆಂಬರ್ 7ರ ಭಾನುವಾರ, ರೇಡಿಯೊದಲ್ಲಿ ಪರ್ಲ್ ಹಾರ್ಬರ್ ಮೇಲಿನ ದಾಳಿಯ ಸುದ್ದಿ ಬಂದಾಗ. ಮಕ್ಕಳಿಗೆ ಅಂಥ ಒಂದು ಭಾನುವಾರ ಸಿಗಲಿಲ್ಲ. ಯುದ್ಧ ಅವರ ಮನೆಗಳಿಗೆ ಬೇರೆ ಬೇರೆ ಬಾಗಿಲಿನಿಂದ ಬಂತು. ಅವರು ಶಾಲೆಯಲ್ಲಿ ಕಂಡ ಹಳೆಯ ಭೂಪಟಗಳಲ್ಲಿ ಆ ದೇಶ ಇನ್ನೂ ‘ಫ್ರೆಂಚ್ ಇಂಡೋಚೈನಾ’. ಕೆಲವರಿಗೆ ಅದು ವೈದ್ಯ ಟಾಮ್ ಡೂಲಿ 1956ರಲ್ಲಿ ಬರೆದ, ಉತ್ತರದಿಂದ ಓಡಿಬಂದ ನಿರಾಶ್ರಿತರ ಕಥೆಯ ಪುಸ್ತಕದಿಂದ ತಿಳಿಯಿತು. 1963ರ ಜೂನ್ 11ರಂದು ಸೈಗಾನ್‌ನ ರಸ್ತೆಯಲ್ಲಿ ಬೌದ್ಧ ಭಿಕ್ಷು ಥಿಚ್ ಕ್ವಾಂಗ್ ಡುಕ್ ಆತ್ಮಾಹುತಿ ಮಾಡಿಕೊಂಡ ಚಿತ್ರ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎರಡು ದೊಡ್ಡ ದೂರದರ್ಶನ ಜಾಲಗಳು ಸಂಜೆಯ ವಾರ್ತೆಯನ್ನು 15 ನಿಮಿಷದಿಂದ 30 ನಿಮಿಷಕ್ಕೆ ಏರಿಸಿದವು. ಆ ವರ್ಷದ ಕೊನೆಗೆ ಅಲ್ಲಿ ಸುಮಾರು 16,000 ಅಮೆರಿಕನ್ ಸೈನಿಕರು ‘ಸಲಹೆಗಾರ’ರ ಹೆಸರಿನಲ್ಲಿ ಇದ್ದರು.

ಕಡ್ಡಾಯ ಸೇನಾ ಭರ್ತಿಯ ಸ್ವರೂಪವೂ ಅರಿವನ್ನು ತಡಮಾಡಿತು. 1948ರ ಕಾನೂನಿನಂತೆ 18 ತುಂಬಿದ ಹುಡುಗ ಹೆಸರು ನೋಂದಾಯಿಸಲೇಬೇಕಿತ್ತು. ಯುದ್ಧ ಇರಲಿ ಬಿಡಲಿ, ಅದು ವಯಸ್ಸಿಗೆ ಬಂದ ಲಕ್ಷಣ. 1958ರಲ್ಲಿ ಸೇನೆಗೆ ಸೇರಿದ ಗಾಯಕ ಎಲ್ವಿಸ್ ಪ್ರೆಸ್ಲಿ ಹೋದದ್ದು ಜರ್ಮನಿಗೆ. ಮುಂದೆ ಅದೇ ಭರ್ತಿ ಮಂಡಳಿಯ ಓಲೆ ವಿಯೆಟ್ನಾಂನ ದಾರಿಯಾಯಿತು. ಕಾಗದ ಬದಲಾಗಲಿಲ್ಲ, ಅದರ ಅರ್ಥ ಬದಲಾಯಿತು. ಹಾಗಾಗಿ ಹೆಸರು ಕೇಳಿದ ಗಳಿಗೆ ಮತ್ತು ‘ಇದು ನನ್ನ ಪಾಲಿಗೂ ಬರಬಹುದು’ ಎಂದು ಹೊಳೆದ ಗಳಿಗೆ ಒಂದೇ ಅಲ್ಲ. ಸಂದರ್ಶಕ ಇವೆರಡನ್ನೂ ಬಿಡಿಸಿ ಕೇಳಬೇಕು.

ಇಂಥ ನೆನಪನ್ನು ನಂಬಬಹುದೇ? ಮನೋವಿಜ್ಞಾನಿ ಉಲ್ರಿಕ್ ನೀಸರ್ ಪರ್ಲ್ ಹಾರ್ಬರ್ ಸುದ್ದಿಯನ್ನು ಬೇಸ್‌ಬಾಲ್ ಪಂದ್ಯದ ಪ್ರಸಾರದ ನಡುವೆ ಕೇಳಿದ್ದಾಗಿ ಬಹುಕಾಲ ನೆನೆದಿದ್ದರು. ಡಿಸೆಂಬರಿನಲ್ಲಿ ಬೇಸ್‌ಬಾಲ್ ಇರುವುದಿಲ್ಲವೆಂದು ಹೊಳೆದದ್ದು ಆಮೇಲೆ. ಇಡೀ ಊರಿನ ನೆನಪೂ ಹೀಗೆ ಜಾರಬಲ್ಲದು. ಇಟಲಿಯ ತೆರ್ನಿಯಲ್ಲಿ ಕಾರ್ಮಿಕ ಲುಯಿಜಿ ತ್ರಸ್ತುಲ್ಲಿ ಪೊಲೀಸರ ಗುಂಡಿಗೆ ಸತ್ತದ್ದು 1949ರಲ್ಲಿ, ನೇಟೋ ವಿರೋಧಿ ಮೆರವಣಿಗೆಯ ಸಮಯದಲ್ಲಿ. ಊರಿನ ಹಲವರು ಅದನ್ನು 1953ರ ಸಾಮೂಹಿಕ ವಜಾ ವಿರುದ್ಧದ ಹೋರಾಟಕ್ಕೆ ಸೇರಿಸಿ ಹೇಳುತ್ತಿದ್ದರು. ಆ ತಪ್ಪನ್ನು ಇತಿಹಾಸಕಾರ ಅಲೆಸ್ಸಾಂಡ್ರೊ ಪೊರ್ತೆಲ್ಲಿ ತಿದ್ದಿ ಎಸೆಯಲಿಲ್ಲ. ಆ ಸಾವು ಊರಿಗೆ ಏನಾಗಿತ್ತೆಂಬುದಕ್ಕೆ ಅದನ್ನೇ ಸಾಕ್ಷ್ಯವಾಗಿ ಓದಿದರು.

ವಿಯೆಟ್ನಾಂ ಯೋಧರ ಮಾತಿಗೂ ಈ ಓದು ಸಲ್ಲುತ್ತದೆ. 1965ಕ್ಕೆ ಮೊದಲು ಏನೂ ಗೊತ್ತಿರಲಿಲ್ಲ ಎನ್ನುವವರ ಮನೆಗೂ ಪತ್ರಿಕೆ ಬಂದಿರಬಹುದು. ಸುದ್ದಿ ಇತ್ತು, ಅದರಲ್ಲಿ ತಾವು ಇರಲಿಲ್ಲ. ಯುದ್ಧದ ಆರಂಭದ ದಿನವನ್ನು ಹಿಂದೂಡಲು ಸರ್ಕಾರಕ್ಕೆ ನಾಲ್ಕು ದಶಕ ಹಿಡಿದಿರುವಾಗ, ಹಳ್ಳಿಯ ಹುಡುಗನೊಬ್ಬ ತನ್ನ ಯುದ್ಧದ ಮೊದಲ ದಿನವನ್ನು ಅಂಚೆಯ ಓಲೆಯಿಂದ ಎಣಿಸಿದರೆ ಅದನ್ನು ಮರೆವು ಎನ್ನಲಾಗದು.