ತೂಬು ತೆರೆದ ಹಿರಿಯರು



ಇಂದು ಇಲ್ಲಿಗೆ ಬರುವಾಗ ನಾವು ಹಿಡಕಲ್ ಆಣೆಕಟ್ಟಿನ ಹತ್ತಿರ ಕೆಲಹೊತ್ತು ನಿಂತೆವು. ಸಾಲಿಗೆ ಹೊರಟಿದ್ದ ಹುಡುಗನೊಬ್ಬ ಬಂದು ನಮಸ್ಕರಿಸಿದ. “ತಮ್ಮಾ, ಈ ಜಲಾಶಯಕ್ಕ ಯಾರ ಹೆಸರ ಇಟ್ಟಾರ?” ಎಂದು ಕೇಳಿದೆವು. “ರಾಜಾ ಲಖಮಗೌಡರದ್ರಿ ಅಜ್ಜಾರ” ಎಂದ. “ಅವರು ಯಾರು?” ಎಂದರೆ, ಸ್ವಲ್ಪ ಯೋಚನೆ ಮಾಡಿ, “ಹಿಂದಿನ ರಾಜರ ಇರಬೇಕ್ರಿ, ದೊಡ್ಡ ಯುದ್ಧ ಗೆದ್ದಿರಬೇಕು” ಎಂದ. ಜೊತೆಗಿದ್ದವರು ನಕ್ಕರು. ನಮಗೆ ನಗು ಬರಲಿಲ್ಲ. ಇದು ಆ ಹುಡುಗನ ತಪ್ಪಲ್ಲ. ಅವನಿಗೆ ಹೇಳದೆ ಇದ್ದವರು ನಾವು. ಆದಕಾರಣ ಇಂದಿನ ಮಾತನ್ನು ಅಲ್ಲಿಂದಲೇ ಪ್ರಾರಂಭಿಸುತ್ತೇವೆ.

ವಂಟಮುರಿಯ ಸರದೇಸಾಯಿ ರಾಜಾ ಲಖಮಗೌಡರು ಹೆಸರಾದದ್ದು ಯುದ್ಧ ಗೆದ್ದು ಅಲ್ಲ, ವಿದ್ಯೆಗೆ ದಾನ ಕೊಟ್ಟು. ಬೆಳಗಾವಿಯಲ್ಲಿ 1939ರಲ್ಲಿ ಪ್ರಾರಂಭವಾದ ಕಾನೂನು ಕಾಲೇಜಿಗೆ ಅವರ ಹೆಸರಿದೆ. ಅದೇ ಊರಿನ ವಿಜ್ಞಾನ ಕಾಲೇಜಿಗೂ ಅವರ ಹೆಸರಿದೆ. ಆಮೇಲೆ ಈ ಜಲಾಶಯಕ್ಕೂ ಅದೇ ಹೆಸರು ಬಂತು. ವಿದ್ಯಾದಾನಿಯ ಹೆಸರು ನೀರಿಗೆ ಬಂದದ್ದು ಎಷ್ಟು ಯೋಗ್ಯವಾಗಿದೆ ನೋಡಿರಿ! ಈ ಜಲಾಶಯದಲ್ಲಿ ಸುಮಾರು 51 ಟಿ.ಎಂ.ಸಿ. ನೀರು ನಿಲ್ಲುತ್ತದೆ. ನಿಂತ ನೀರನ್ನು ನೋಡಿ ನಾವು ಸಂತೋಷಪಡುತ್ತೇವೆ. ಆದರೆ ರೈತನನ್ನು ಕೇಳಿರಿ. ಅವನು ನೀರು ಎಷ್ಟು ನಿಂತಿದೆ ಎಂದು ಕೇಳುವುದು ಅದನ್ನು ಯಾವಾಗ ಬಿಡುತ್ತಾರೆ ಎಂದು ತಿಳಿಯಲಿಕ್ಕೆ. ತೂಬು ತೆರೆದು ಕಾಲುವೆಗೆ ಬಿಟ್ಟ ನೀರು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಲ ಮುಟ್ಟಿದಾಗಲೇ ಕಟ್ಟೆ ಕಟ್ಟಿದ್ದು ಸಾರ್ಥಕ.

ಮನುಷ್ಯನ ಹಿರಿತನವೂ ಹೀಗೆಯೇ. ವಿದ್ಯೆ, ಹಣ, ಅಧಿಕಾರ, ಅನುಭವ ಇವು ಒಬ್ಬನಲ್ಲಿ ಕೂಡಿಬರುವುದು ಶಿವನ ಕೃಪೆ. ಕೂಡಿಬಂದದ್ದನ್ನು ಕಿರಿಯನ ಕಡೆಗೆ ಬಿಡುವುದು ಮಾತ್ರ ಅವನ ಸ್ವಂತ ಕೆಲಸ. ಬಿಡದೆ ಹಿಡಿದಿಟ್ಟುಕೊಂಡವನು ಶ್ರೀಮಂತನಾಗಬಹುದು, ಮುಖಂಡನೂ ಆಗಬಹುದು. ಹಿರಿಯನಾಗಲಾರ. ನಮ್ಮ ಈ ನಾಡಿನಲ್ಲಿ ಹಾಗೆ ಬಿಟ್ಟುಕೊಟ್ಟವರ ಒಂದು ಸಾಲೇ ಇದೆ. ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ.

ಇಂದಿಗೆ ನೂರಾನಲವತ್ತು ವರ್ಷಗಳ ಹಿಂದೆ ಇಲ್ಲಿ ಹೇಗಿತ್ತು? ಬೆಳಗಾವಿ, ಧಾರವಾಡ, ವಿಜಾಪುರ ಇವೆಲ್ಲ ಮುಂಬಯಿ ಇಲಾಖೆಯಲ್ಲಿದ್ದವು. ಕಚೇರಿಯಲ್ಲಿ ಮರಾಠಿಯ ಪ್ರಾಬಲ್ಯ. ಕನ್ನಡ ಹುಡುಗ ಬಿ.ಎ. ಓದಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾದದ್ದೇ 1917ರಲ್ಲಿ. ನಮ್ಮ ಜನ ಒಕ್ಕಲುತನ ಬಲ್ಲವರು, ವ್ಯಾಪಾರ ಬಲ್ಲವರು. ಸಾಲಿ ಎಂದರೆ ಲೆಕ್ಕ ಬರೆಯುವಷ್ಟು, ಸಹಿ ಮಾಡುವಷ್ಟು ಕಲಿತರೆ ಸಾಕು ಎನ್ನುವವರು. ಗೋಕಾಕದ ಜಲಪಾತದ ಹತ್ತಿರ 1880ರ ದಶಕದಲ್ಲಿಯೇ ನೂಲಿನ ಗಿರಣಿ ಎದ್ದಿತು. ನೀರಿನ ಶಕ್ತಿಯಿಂದ ಯಂತ್ರ ತಿರುಗಿತು. ಆದರೆ ಅದನ್ನು ಕಟ್ಟಿದವರು ಪರದೇಶದ ಕಂಪನಿಯವರು. ನೀರು ನಮ್ಮದು, ದುಡಿಯುವ ಕೈ ನಮ್ಮದು, ಯಂತ್ರದ ವಿದ್ಯೆ ಮಾತ್ರ ನಮ್ಮದಲ್ಲ!

ಈ ಕೊರತೆಯನ್ನು ಮೊದಲು ಮನಗಂಡವರಲ್ಲಿ ಇಬ್ಬರು ಸರಕಾರಿ ಅಧಿಕಾರಿಗಳು, ಅರಟಾಳ ರುದ್ರಗೌಡರು ಹಾಗೂ ಗಿಲಗಂಚಿ ಗುರುಸಿದ್ಧಪ್ಪನವರು. ತಾವು ಓದಿದರು, ದೊಡ್ಡ ಹುದ್ದೆಗೆ ಏರಿದರು. ಅಲ್ಲಿಗೆ ತೃಪ್ತರಾಗಿ ಕುಳಿತಿದ್ದರೆ ಅವರ ಹೆಸರು ಇಂದು ಯಾರಿಗೆ ಗೊತ್ತಿರುತ್ತಿತ್ತು? ತಾವು ಹತ್ತಿದ ಏಣಿಯನ್ನು ಹಿಂದಿನವರಿಗೂ ಇರಲೆಂದು ಅವರು ಗಟ್ಟಿ ಮಾಡಿದರು. ಧಾರವಾಡದಲ್ಲಿ 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. ಬಡ ಹುಡುಗರ ಓದಿಗೆ ನಿಧಿ ಕೂಡಿಸುವುದು ಅದರ ಕೆಲಸ. ದೇವಸ್ಥಾನಕ್ಕೆ, ಜಾತ್ರೆಗೆ ಕೊಡುವ ಕೈಗಳಿಗೆ ಹುಡುಗನ ಪುಸ್ತಕಕ್ಕೆ ಕೊಡುವುದನ್ನು ಕಲಿಸುವುದು ಸುಲಭದ ಮಾತಲ್ಲ.

ಆಮೇಲೆ ಬಂದವರು ಶಿರಸಂಗಿಯ ಲಿಂಗರಾಜ ದೇಸಾಯರು. ಅವರು ಹುಟ್ಟಿದ್ದು 1861ರಲ್ಲಿ. ಶಿರಸಂಗಿ ಮನೆತನಕ್ಕೆ ದತ್ತಕ ಬಂದರು. ಬಹುದೊಡ್ಡ ಸಂಸ್ಥಾನ, ಆದರೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ. ಇಂಥ ಮನೆಯಲ್ಲಿ ಏನಾಗುತ್ತದೆ ಎಂಬುದು ತಮಗೆಲ್ಲ ಗೊತ್ತು. ಆಸ್ತಿಯ ಸುತ್ತ ಸಂಬಂಧಿಕರು ಕೂಡುತ್ತಾರೆ, ಕೋರ್ಟು ಕಚೇರಿ ಪ್ರಾರಂಭವಾಗುತ್ತದೆ. ಲಿಂಗರಾಜರು ಮಾತ್ರ ಬೇರೆ ದಾರಿ ಹಿಡಿದರು. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನಕ್ಕೆ ಅವರು ಅಧ್ಯಕ್ಷರು. ಎರಡು ವರ್ಷದ ನಂತರ, 1906ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ತಮ್ಮ ಸಂಸ್ಥಾನವನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟು ಹೋದರು. ಒಬ್ಬ ದತ್ತಕ ಮಗನಿಗೆ ಹೋಗಬೇಕಾದದ್ದು ಎಷ್ಟೋ ಮನೆಗಳ ಮಕ್ಕಳಿಗೆ ಹೋಯಿತು. ತನ್ನ ರಕ್ತದವನಲ್ಲದ, ತಾನು ಮುಖವನ್ನೇ ನೋಡದ ಹುಡುಗನನ್ನು ಮಗನೆಂದು ತಿಳಿಯುವುದಕ್ಕೆ ಎಂಥ ಎದೆ ಬೇಕು!

ಆದರೆ ಬಂಧುಗಳೇ, ಹಣ ಒಂದೇ ಸಾಲಿ ನಡೆಸಲಾರದು. ಕಲಿಸುವವನು ಬೇಕು. ಇಲ್ಲಿ ಏಳು ಜನರ ಹೆಸರನ್ನು ನಾವು ಹೇಳಲೇಬೇಕು. ಶಿ.ಶಿ. ಬಸವನಾಳರು, ಎಂ.ಆರ್. ಸಾಖರೆಯವರು, ಬಿ.ಬಿ. ಮಮದಾಪುರ ಅವರು, ಬಿ.ಎಸ್. ಹಂಚಿನಾಳರು, ಎಚ್.ಎಫ್. ಕಟ್ಟೀಮನಿಯವರು, ಪಂಡಿತಪ್ಪ ಚಿಕ್ಕೋಡಿಯವರು, ಸರದಾರ ವಿ.ಎ. ಪಾಟೀಲರು. ಜನ ಇವರನ್ನು ಸಪ್ತರ್ಷಿಗಳೆಂದು ಕರೆದರು. ಪುಣೆಯಲ್ಲಿ ಟಿಳಕರು, ಆಗರಕರರು ಮುಂತಾದವರು 1884ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯನ್ನು ಕಟ್ಟಿದ್ದರು. ಅದರ ಆಜೀವ ಸದಸ್ಯರು ಹೊರಗಿನ ದೊಡ್ಡ ಪಗಾರದ ಆಸೆ ಬಿಟ್ಟು, ಕಡಿಮೆ ವೇತನಕ್ಕೆ ಅಲ್ಲಿಯೇ ಕಲಿಸುತ್ತಿದ್ದರು. ಆ ಮೇಲ್ಪಂಕ್ತಿ ನಮ್ಮ ತರುಣರ ಕಣ್ಣ ಮುಂದಿತ್ತು. 1916ನೆಯ ಇಸವಿ ನವೆಂಬರ್ 13ರಂದು ಬೆಳಗಾವಿಯಲ್ಲಿ ಅವರು ಒಂದು ಆಂಗ್ಲೋ-ವರ್ನಾಕ್ಯುಲರ್ ಶಾಲೆಯನ್ನು ಪ್ರಾರಂಭಿಸಿದರು. ಅದೇ ಕೆ.ಎಲ್.ಇ. ಸಂಸ್ಥೆಯ ಬೀಜ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ದುಡಿದವರು ಈ ತರುಣರು. ಆದರೆ ಆ ಶಾಲೆ ಬೆಳೆದು ಹೈಸ್ಕೂಲಾದಾಗ ಅದಕ್ಕೆ ಬಂದ ಹೆಸರು ಯಾವುದು? ಗಿಲಗಂಚಿ-ಅರಟಾಳ ಹೈಸ್ಕೂಲು! 1933ರಲ್ಲಿ ಕಾಲೇಜು ತೆರೆದಾಗ ಅದು ಲಿಂಗರಾಜ ಕಾಲೇಜು. ಹುಬ್ಬಳ್ಳಿಯಲ್ಲಿ 1947ರಲ್ಲಿ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾದಾಗ ಅದಕ್ಕೆ ದಾನಿಗಳಾದ ಭೂಮರಡ್ಡಿಯವರ ಹೆಸರು. ದುಡಿದವರು ತಮ್ಮ ಹೆಸರನ್ನು ಗೋಡೆಗೆ ಬರೆಸಲಿಲ್ಲ. ಹಿರಿಯರ ಹೆಸರನ್ನು ಮುಂದಿಟ್ಟು ತಾವು ಕರಿಹಲಗೆಯ ಮುಂದೆ ನಿಂತರು. ಕಲಿಸುವುದರ ಜೊತೆಗೆ ಬಸವನಾಳರು ವಚನಗಳನ್ನು ಶೋಧಿಸಿ ಅಚ್ಚು ಹಾಕಿಸಿದರು, ಸಾಖರೆಯವರು ನಮ್ಮ ಧರ್ಮದ ಇತಿಹಾಸ-ತತ್ತ್ವಗಳ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ಬರೆದರು. ಒಂದು ಶಾಲೆಯಿಂದ ಹೊರಟದ್ದು ಇಂದು ನೂರಾರು ಸಂಸ್ಥೆಗಳಾಗಿದೆ. ಹುಬ್ಬಳ್ಳಿಯ ಆ ಕಾಲೇಜು ಈಗ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಗಿರಣಿಯ ಯಂತ್ರದ ವಿದ್ಯೆ ನಮ್ಮದಲ್ಲ ಎಂದು ಸ್ವಲ್ಪ ಮುಂಚೆ ಹೇಳಿದೆವಲ್ಲ, ಆ ಮಾತು ಹೀಗೆ ಸುಳ್ಳಾಯಿತು.

ಸಾಲಿ ಇದ್ದರೂ ಊಟ ಬೇಕು. ಹಳ್ಳಿಯ ಹುಡುಗ ಪಟ್ಟಣಕ್ಕೆ ಬಂದರೆ ಎಲ್ಲಿ ಮಲಗಬೇಕು, ಏನು ಉಣ್ಣಬೇಕು? ಈ ಭಾರವನ್ನು ಮಠಗಳು ಹೊತ್ತವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು, ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಉಚಿತ ಪ್ರಸಾದನಿಲಯಗಳನ್ನು ನಡೆಸಿದರು. ಭಕ್ತರು ಕೊಟ್ಟ ಜೋಳ, ಭಕ್ತರು ಕೊಟ್ಟ ಬೇಳೆ, ಅದರಿಂದ ಎಷ್ಟೋ ಜನ ವಕೀಲರು, ಮಾಸ್ತರರು, ಇಂಜಿನಿಯರರು ತಯಾರಾದರು. ಜೋಳ ಕೊಟ್ಟ ತಾಯಿಗೆ ತಾನು ಯಾರನ್ನು ಓದಿಸಿದೆ ಎಂಬುದು ಗೊತ್ತಿಲ್ಲ. ಹೀಗೆ ಗೊತ್ತಿಲ್ಲದೆ ಕೊಡುವುದೇ ದಾಸೋಹ. ಒಂದು ಮಾತನ್ನು ಮಾತ್ರ ಮರೆಮಾಡಬಾರದು. ಜೋಳ ಬೀಸಿದವರು, ಹಸನು ಮಾಡಿದವರು ತಾಯಂದಿರು. ಪಂಕ್ತಿಯಲ್ಲಿ ಕುಳಿತು ಓದಿದವರು ಬಹುಮಟ್ಟಿಗೆ ಗಂಡುಹುಡುಗರು. ಹೆಣ್ಣುಮಕ್ಕಳ ಕಡೆಗೆ ತೂಬು ತೆರೆಯಲಿಕ್ಕೆ ನಾವು ತಡಮಾಡಿದೆವು. ಆ ಬಾಕಿಯನ್ನು ಇಂದಿನವರು ತೀರಿಸಬೇಕು.

ಇನ್ನು ಉದ್ಯೋಗದ ಮಾತು. ಕಾಯಕವಿಲ್ಲದ ವಿದ್ಯೆ ಒಣಗಿದ ಕಾಲುವೆ. 1904ರಲ್ಲಿ ಸಹಕಾರದ ಕಾಯದೆ ಬಂತು. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರಿನವರನ್ನು ಕೂಡಿಸಿ ಕೃಷಿ ಪತ್ತಿನ ಸಂಘ ಕಟ್ಟಿದರು. ಭಾರತದಲ್ಲಿಯೇ ಅದು ಮೊದಲನೆಯದು. ಅದೇ ದಾರಿಯಲ್ಲಿ ನಮ್ಮ ಹುಕ್ಕೇರಿ ತಾಲೂಕಿನಲ್ಲಿ ಅಪ್ಪಣಗೌಡ ಪಾಟೀಲರು ನಡೆದರು. 1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಪ್ರಾರಂಭವಾಯಿತು. ಆಗ ಇಡೀ ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ್ದು ಐದೇ ಕಡೆ. ಅದರಲ್ಲಿ ಹುಕ್ಕೇರಿ ಒಂದು! ವಿದ್ಯುತ್ತನ್ನು ಒಟ್ಟಾಗಿ ಕೊಂಡು, ತಮ್ಮದೇ ತಂತಿಯಲ್ಲಿ ಹಳ್ಳಿಹಳ್ಳಿಗೆ ಹಂಚುವ ಸಂಘ. ಅದರ ಒಡೆಯರು ಯಾರು? ಕರೆಂಟು ಉಪಯೋಗಿಸುವ ರೈತರೇ, ಸದಸ್ಯರೇ. ದೀಪ ಬಂತು, ಬಾವಿಗೆ ಪಂಪು ಬಂತು, ಊರಿಗೆ ಹಿಟ್ಟಿನ ಗಿರಣಿ ಬಂತು, ವೆಲ್ಡಿಂಗ್ ಅಂಗಡಿ ಬಂತು. ಒಂದು ತಂತಿಯ ಹಿಂದೆ ಎಷ್ಟು ಕಾಯಕಗಳು ಹುಟ್ಟಿದವು ನೋಡಿರಿ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯ ಹಿಂದೆಯೂ ಅಪ್ಪಣಗೌಡರ ದುಡಿಮೆಯಿದೆ. ಮುಂದೆ 1996ರಲ್ಲಿ ನಿಡಸೋಸಿಯಲ್ಲಿ ತಾಂತ್ರಿಕ ಕಾಲೇಜು ಪ್ರಾರಂಭವಾದಾಗ ಅದು ಹೀರಾ ಶುಗರ್ ಎಂದು ಕಾರ್ಖಾನೆಯ ಹೆಸರನ್ನೇ ಹೊತ್ತುಕೊಂಡಿತು. ವಿದ್ಯೆಯಿಂದ ಉದ್ಯೋಗ, ಉದ್ಯೋಗದಿಂದ ಮತ್ತೆ ವಿದ್ಯೆ. ಚಕ್ರ ಹೀಗೆ ತಿರುಗಬೇಕು.

ಈಗ ನಮ್ಮದೇ ಒಂದು ತಪ್ಪನ್ನು ತಮ್ಮ ಮುಂದೆ ಇಡುತ್ತೇವೆ. ಕೆಲವು ವರ್ಷಗಳ ಹಿಂದೆ ಐ.ಟಿ.ಐ. ಮುಗಿಸಿದ ತರುಣನೊಬ್ಬ ಮಠಕ್ಕೆ ಬಂದು, “ಅಜ್ಜಾರ, ಒಂದು ಪತ್ರಾ ಕೊಡ್ರಿ, ನೌಕರಿ ಸಿಗತೈತಿ” ಎಂದ. ಕೊಟ್ಟೆವು. ನೌಕರಿ ಸಿಕ್ಕಿತು. ಎರಡು ವರ್ಷಕ್ಕೆ ಆ ಕೆಲಸ ನಿಂತಿತು. ಮತ್ತೆ ಬಂದ, ಮತ್ತೆ ಪತ್ರ ಕೇಳಿದ. ಅಂದು ಮಠದ ಬಾವಿಯ ಮೋಟಾರು ಸುಟ್ಟಿತ್ತು. ಅದನ್ನು ಒಯ್ಯಲು ಬಂದಿದ್ದ, ಮೋಟಾರು ಸುತ್ತುವ ಕಾಯಕದ ಹಿರಿಯ ಭಕ್ತರೊಬ್ಬರು ಅಲ್ಲಿಯೇ ಕುಳಿತಿದ್ದರು. “ಪತ್ರಾ ಬ್ಯಾಡ್ರಿ ಬುದ್ಧಿ, ಈ ಹುಡುಗನ್ನ ನನ್ನ ಕೂಡ ಕಳಸ್ರಿ” ಎಂದರು. ಮೂರು ವರ್ಷ ಕಲಿಸಿದರು. ಆಮೇಲೆ ಏನು ಮಾಡಿದರು ಗೊತ್ತೇ? ತಮ್ಮ ಒಂದು ಜೊತೆ ಹತ್ಯಾರಗಳನ್ನು ಅವನ ಕೈಗೆ ಕೊಟ್ಟು, ಬೇರೆ ಊರಿನಲ್ಲಿ ಅಂಗಡಿ ಹಾಕಿಸಿ, ತಮ್ಮ ಗಿರಾಕಿಗಳಲ್ಲಿಯೇ ಇಬ್ಬರನ್ನು ಅವನ ಕಡೆಗೆ ಕಳಿಸಿದರು. ಇಂದು ಅವನ ಹತ್ತಿರ ಇಬ್ಬರು ಹುಡುಗರು ಕಲಿಯುತ್ತಿದ್ದಾರೆ. ನಮ್ಮ ಪತ್ರ ಅವನನ್ನು ಎರಡನೆಯ ಸಲ ನಮ್ಮ ಬಾಗಿಲಿಗೆ ತಂದಿತು. ಆ ಹಿರಿಯರು ಅವನಿಗೆ ಸ್ವಂತದ ಬಾಗಿಲು ಮಾಡಿಕೊಟ್ಟರು. ಅಂದು ನಾವು ಶಿಷ್ಯರಾದೆವು, ಮೋಟಾರು ಸುತ್ತುವವರು ಗುರುಗಳಾದರು.

ಇಂದು ನಮ್ಮಲ್ಲಿ ಮುಖಂಡರಿಗೆ ಕೊರತೆಯಿಲ್ಲ. ಸಂಘವಿದೆ, ಕಾರ್ಖಾನೆಯಿದೆ, ಸಂಸ್ಥೆಯಿದೆ. ಪ್ರತಿ ಚುನಾವಣೆಗೆ ಎಷ್ಟು ಗಲಾಟೆ! ಆದರೆ “ನನ್ನ ನಂತರ ಇದನ್ನು ನಡೆಸುವವನನ್ನು ನಾನು ತಯಾರು ಮಾಡಿದ್ದೇನೆಯೇ?” ಎಂದು ಕೇಳಿಕೊಳ್ಳುವವರು ಎಷ್ಟು ಜನ? ಹಿಂಬಾಲಕರನ್ನು ಕೂಡಿಸುವುದು ಸುಲಭ. ಅವರು ಕೈಮುಗಿದು ನಿಂತಿರುತ್ತಾರೆ. ತನಗೆ ಎದುರು ಮಾತಾಡಬಲ್ಲಷ್ಟು, ತನ್ನನ್ನು ಬಿಟ್ಟು ನಡೆಯಬಲ್ಲಷ್ಟು ಕಿರಿಯನನ್ನು ಬೆಳೆಸುವುದು ಕಷ್ಟ. ಮಠಗಳಿಗೂ ಈ ಮಾತು ಸಲ್ಲುತ್ತದೆ. ದಾನದಿಂದ ಹುಟ್ಟಿದ ಸಾಲಿಗಳಲ್ಲಿ ಬಡವರ ಮಗ ಫೀ ಕೇಳಿ ಹಿಂದಿರುಗಿದರೆ, ಲಿಂಗರಾಜರ ಮೃತ್ಯುಪತ್ರವನ್ನು ನಾವು ಓದಿಯೂ ಓದದಂತೆ.

ಈ ಜಲಾಶಯದ ಇನ್ನೊಂದು ದೃಶ್ಯವನ್ನು ತಾವು ನೋಡಿದ್ದೀರಿ. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲ ಮಂದಿರ ಮೇಲೆ ಕಾಣುತ್ತದೆ. ಜನ ದರ್ಶನಕ್ಕೆ ಹೋಗುತ್ತಾರೆ. ಮಳೆಗಾಲ ಬಂದರೆ ಮತ್ತೆ ಮುಳುಗುತ್ತದೆ. ಕೆಳಗಿನ ಹೊಲ ಹಸಿರಾಗಲೆಂದು ಮೇಲಿನ ಊರವರು ತಮ್ಮ ಮನೆ, ಹೊಲ, ಗುಡಿ ಬಿಟ್ಟುಕೊಟ್ಟರು. ನಾವು ಉಣ್ಣುವ ಅನ್ನದ ಹಿಂದೆ, ಓದಿದ ಅಕ್ಷರದ ಹಿಂದೆ ಯಾರೋ ಏನನ್ನೋ ಬಿಟ್ಟುಕೊಟ್ಟಿದ್ದಾರೆ. ಅವರಿಗೆ ತಿರುಗಿ ಕೊಡಲಿಕ್ಕೆ ಆಗುವುದಿಲ್ಲ. ಮುಂದಿನವರಿಗೆ ಕೊಡಬಹುದು. ನೀರು ಹಿಂದಕ್ಕೆ ಹರಿಯುವುದಿಲ್ಲ ಅಲ್ಲವೇ?

ಆದುದರಿಂದ ಹುಕ್ಕೇರಿ, ಗೋಕಾಕ, ಮೂಡಲಗಿಯ ಭಕ್ತರಲ್ಲಿ ನಾವು ಮೂರೇ ಮಾತು ಕೇಳುತ್ತೇವೆ. ಓದಿ ನೌಕರಿ ಹಿಡಿದವರು ಒಂದು ಬಡ ಮಗುವಿನ, ಅದರಲ್ಲಿಯೂ ಹೆಣ್ಣುಮಗುವಿನ ಓದನ್ನು ಕೊನೆಯತನಕ ನಡೆಸಿರಿ. ಅಂಗಡಿ, ವರ್ಕ್‌ಶಾಪು, ಕಾರ್ಖಾನೆ ಇದ್ದವರು ಒಬ್ಬ ಹುಡುಗನಿಗೆ ಕೆಲಸ ಕಲಿಸಿರಿ, ಕಲಿತ ಮೇಲೆ ಹಿಡಿದಿಟ್ಟುಕೊಳ್ಳದೆ ಬಿಡಿರಿ. ಅಧಿಕಾರದಲ್ಲಿದ್ದವರು ಕುರ್ಚಿ ಬಿಡುವ ದಿನವನ್ನು ಕುರ್ಚಿ ಏರಿದ ದಿನವೇ ನೆನೆಯಿರಿ.

ತಿರುಗಿ ಹೋಗುವಾಗ ಆ ಹುಡುಗ ಸಿಕ್ಕರೆ ನಾವು ಅವನಿಗೆ ರಾಜಾ ಲಖಮಗೌಡರು ಯಾರೆಂದು ಹೇಳುತ್ತೇವೆ. ಸಿಗದಿದ್ದರೆ ತಾವು ಹೇಳಿರಿ. ತಮ್ಮ ಮನೆಯಲ್ಲಿಯೂ ಅಂಥ ಹುಡುಗನಿದ್ದಾನೆ.