ಹೊರೈಜನ್ ಲೆಕ್ಕವನ್ನು ಕೋರ್ಟು ನಂಬಿದ್ದೇಕೆ

ಬ್ರಿಟನ್ನಿನ ಅಂಚೆ ಕಚೇರಿಗಳಿಗೆ 1999ರಲ್ಲಿ ಬರತೊಡಗಿದ ‘ಹೊರೈಜನ್’ ಎಂಬ ಲೆಕ್ಕದ ತಂತ್ರಾಂಶವನ್ನು ನೆಚ್ಚಿಕೊಂಡು ಮುಂದಿನ ಒಂದೂವರೆ ದಶಕದಲ್ಲಿ 900ಕ್ಕೂ ಹೆಚ್ಚು ಸಬ್‌ಪೋಸ್ಟ್‌ಮಾಸ್ಟರ್‌ಗಳನ್ನು ಅಪರಾಧಿಗಳೆಂದು ತೀರ್ಮಾನಿಸಲಾಯಿತು. ಸುಮಾರು 700 ಮೊಕದ್ದಮೆಗಳನ್ನು ಹೂಡಿದ್ದು ಪೋಸ್ಟ್ ಆಫೀಸೇ. ದೂರುದಾರನೂ ತಾನೇ, ತನಿಖೆ ಮಾಡುವವನೂ ತಾನೇ. ಫುಜಿತ್ಸು ಕಂಪನಿಯ ಈ ತಂತ್ರಾಂಶ ಕೆಟ್ಟಿತ್ತು ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ದೋಷವಿಲ್ಲದ ತಂತ್ರಾಂಶ ಎಲ್ಲೂ ಇಲ್ಲ. ಇಲ್ಲಿ ದೋಷ ಶಿಕ್ಷೆಯಾಗಿ ಮಾರ್ಪಡಲು ದಾರಿ ಮಾಡಿಕೊಟ್ಟಿದ್ದು ಇಂಗ್ಲೆಂಡಿನ ಸಾಕ್ಷ್ಯ ಕಾನೂನು. ಅಲ್ಲಿನ 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆಯ 69ನೇ ಕಲಮಿನ ಪ್ರಕಾರ, ಕಂಪ್ಯೂಟರಿನ ದಾಖಲೆ ಹಾಜರುಪಡಿಸುವವರು ಅದು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕಿತ್ತು. ಇದು ವೃಥಾ ತೊಡಕು ಎಂದು 1997ರಲ್ಲಿ ಕಾನೂನು ಆಯೋಗ ಹೇಳಿತು. 2000ದಲ್ಲಿ ಕಲಮು ಹೋಯಿತು. ಅಲ್ಲಿಂದ ಮುಂದೆ ಯಂತ್ರ ಸರಿಯಾಗಿದೆ ಎಂದೇ ಕೋರ್ಟು ಭಾವಿಸಬಹುದಿತ್ತು. ಅನುಮಾನವಿದ್ದರೆ ಆಧಾರ ತರುವ ಪಾಡು ಆರೋಪಿಯದು.

ಆಧಾರ ತರುವುದೆಲ್ಲಿಂದ? ಸ್ಕಾಟ್ಲೆಂಡಿನ ಡಾಲ್ಮೆಲ್ಲಿಂಗ್ಟನ್ ಶಾಖೆಯ ಹೆಸರಿನಿಂದಲೇ ಗುರುತಿಸುವ ಹೊರೈಜನ್ ದೋಷವೊಂದಿದೆ. ನಗದು ಜಮಾ ಮಾಡುವಾಗ ಪರದೆ ಸ್ತಬ್ಧವಾಗುತ್ತಿತ್ತು. ಎಂಟರ್ ಕೀಲಿಯನ್ನು ಮತ್ತೆ ಮತ್ತೆ ಒತ್ತಿದರೆ ಅದೇ ಮೊತ್ತ ಒಳಗೊಳಗೇ ಮತ್ತೆ ಮತ್ತೆ ಜಮೆಯಾಗುತ್ತಿತ್ತು. ಪೆಟ್ಟಿಗೆಯಲ್ಲಿ ಅಷ್ಟು ದುಡ್ಡಿಲ್ಲ, ಲೆಕ್ಕದಲ್ಲಿದೆ. ಲೆಕ್ಕದ ಅವಧಿ ಮುಗಿದಾಗ ಪರದೆಯ ಅಂಕಿಗೆ ಒಪ್ಪಿಗೆ ಕೊಡದೆ ಮುಂದಿನ ವ್ಯವಹಾರ ಶುರುಮಾಡುವಂತಿಲ್ಲ. ಒಪ್ಪಿದರೆ ಅದೇ ಸುಳ್ಳು ಲೆಕ್ಕ ಬರೆದ ಅಪರಾಧ. ಇಂಥ ದೋಷಗಳ ಪಟ್ಟಿ ಫುಜಿತ್ಸುವಿನ ಬಳಿ ಇತ್ತು, ಆರೋಪಿಗಳ ಕೈಗೆ ಸಿಗಲಿಲ್ಲ. ಬಹಳ ಮಂದಿ ತಾವೇ ತಪ್ಪೊಪ್ಪಿಕೊಂಡರಲ್ಲ ಎನ್ನುವವರಿದ್ದಾರೆ. ಕಳವಿನ ಆರೋಪ ಕೈಬಿಡುತ್ತೇವೆ, ಸುಳ್ಳು ಲೆಕ್ಕ ಒಪ್ಪಿಕೊಳ್ಳಿ ಎಂಬ ಚೌಕಾಸಿಯಲ್ಲಿ ಬಂದ ಒಪ್ಪಿಗೆಗೆ ಎಷ್ಟು ಬೆಲೆ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: 69ನೇ ಕಲಮು ಉಳಿದಿದ್ದರೂ ಏನೂ ಆಗುತ್ತಿರಲಿಲ್ಲ. ನಿಜವೇ, ಶೆಪರ್ಡ್ ಪ್ರಕರಣದಲ್ಲಿ ಯಂತ್ರ ಸರಿಯಾಗಿತ್ತೆಂದು ತೋರಿಸಲು ಅಂಗಡಿಯ ಕಾವಲಿನ ಸಿಬ್ಬಂದಿಯ ಮಾತನ್ನೇ ಹೌಸ್ ಆಫ್ ಲಾರ್ಡ್ಸ್ ಸಾಕೆಂದಿತ್ತು. ಆದರೂ ಅಂಥ ಸಾಕ್ಷಿ ಕಟಕಟೆಗೆ ಬಂದರೆ ವಕೀಲರು ಪಾಟೀಸವಾಲು ಹಾಕಬಹುದು. ಯಂತ್ರ ಸರಿಯಾಗಿದೆ ಎಂಬ ಭಾವನೆಗೆ ಪಾಟೀಸವಾಲು ಹಾಕಲಾಗದು. ಪ್ರಶ್ನೆ ಕೇಳಿದಾಗ ಏನಾಗುತ್ತದೆಂಬುದು 2019ರಲ್ಲಿ ಕಂಡಿತು: 555 ಮಂದಿ ಹೂಡಿದ ಸಿವಿಲ್ ದಾವೆಯಲ್ಲಿ ನ್ಯಾಯಮೂರ್ತಿ ಫ್ರೇಸರ್ ಹೊರೈಜನ್ನಿನ ಒಳಹೊಕ್ಕು ನೋಡಿ, ಅದರಲ್ಲಿ ದೋಷಗಳಿವೆ ಎಂದರು. 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ 39 ಮಂದಿಯ ಶಿಕ್ಷೆ ರದ್ದುಮಾಡಿತು. ಉಳಿದವರಿಗಾಗಿ 2024ರಲ್ಲಿ ಸಂಸತ್ತೇ ಕಾಯ್ದೆ ತರಬೇಕಾಯಿತು.

ನಮ್ಮ ಸಾಕ್ಷ್ಯ ಕಾಯ್ದೆಗೆ 2000ದಲ್ಲಿ ಸೇರಿದ 65ಬಿ ಕಲಮು ಬ್ರಿಟನ್ನಿನ 1968ರ ಕಾಯ್ದೆಯ ಅಚ್ಚಿನಲ್ಲೇ ಎರಕವಾದದ್ದು. ಅವರು ಕೈಬಿಟ್ಟ ಷರತ್ತನ್ನು ನಾವು ಹಿಡಿದುಕೊಂಡಿದ್ದೇವೆ. ಆ ಷರತ್ತು ಪೂರೈಸಿದೆ ಎಂಬ ಪ್ರಮಾಣಪತ್ರ ಕಡ್ಡಾಯವೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ಕಾಯ್ದೆಯ ಬದಲಿಗೆ 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ ತಜ್ಞರ ಸಹಿಯನ್ನೂ ಕೇಳಲಾಗಿದೆ. ಆದರೆ ಕಡತವನ್ನು ಯಾರೂ ತಿದ್ದಿಲ್ಲ ಎಂಬುದನ್ನಷ್ಟೇ ಹ್ಯಾಶ್ ತೋರಿಸಬಲ್ಲದು. ಡಾಲ್ಮೆಲ್ಲಿಂಗ್ಟನ್ನಿನ ಆ ಲೆಕ್ಕವನ್ನೂ ಯಾರೂ ತಿದ್ದಿರಲಿಲ್ಲ.